ಹೀಚಿಗೆ ಬೆರಳು ತೋರಿಸಿದವರು

ವ್ಯಾಪಾರವಿಲ್ಲದೆ ಕೂತ ಅಂಗಡಿಯವನನ್ನು "ಏನ್ ಸಾ, ನೊಣ ಹೊಡೀತಾ ಕೂತಿದ್ದೀರಾ?" ಎಂದು ಕೇಳುವುದು ನಮ್ಮ ಕಡೆಯ ಉಭಯಕುಶಲೋಪರಿ. ನಂಜನಗೂಡಿನ ಬಜಾರಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ನನ್ನನ್ನು ಈ ಮಾತು ಕೇಳದೆ ಮುಂದೆ ಹೋದವರು ಕಡಿಮೆ. ಎದುರಿನ ಬೇಕರಿಯವನಂತೂ ದಿನಾ ಕೇಳುತ್ತಾನೆ. ಅವನ ಅಂಗಡಿಯಲ್ಲಿ ನೊಣಗಳೂ ಜಾಸ್ತಿ, ಗಿರಾಕಿಗಳೂ ಜಾಸ್ತಿ, ಪಾಪ, ಹೊಡೆಯಲು ಪುರುಸೊತ್ತಿಲ್ಲ. ನನ್ನ ಹತ್ತಿರ ಪುರುಸೊತ್ತು ಧಾರಾಳವಾಗಿದೆ. ಆದರೆ ನಾನು ನೊಣ ಹೊಡೆಯುವುದನ್ನು ಬಿಟ್ಟು ಬಹಳ ಕಾಲವಾಯಿತು. ಈಗ ಬರೀ ನೋಡುತ್ತೇನೆ.

ಇದಕ್ಕೆಲ್ಲ ಮೂಲ ನನ್ನ ಅಂಗಿಯ ಜೇಬಿನಲ್ಲಿರುವ ಭೂತಗನ್ನಡಿ. ಹಿಡಿ ಇರುವ, ಅಂಗೈಯಗಲದ ಹಳೆಯ ಭೂತಗನ್ನಡಿ ಅದು. ಕನ್ನಡಕದ ಕಡ್ಡಿಯ ಸ್ಕ್ರೂ ಕಳೆದುಹೋದಾಗ ಹುಡುಕುವುದಕ್ಕೆಂದು ಇಟ್ಟುಕೊಂಡಿದ್ದೆ. ಒಂದು ಮಧ್ಯಾಹ್ನ ಗಾಜಿನ ಕೌಂಟರಿನ ಮೇಲೆ ಒಣಗಿದ ಟೀ ಹನಿಯೊಂದರ ಪಕ್ಕದಲ್ಲಿ ಒಂದು ಮನೆನೊಣ ಬಂದು ಕೂತಿತು. ಸುಮ್ಮನೆ ಭೂತಗನ್ನಡಿ ಹಿಡಿದೆ. ಅದು ಮೊದಲು ಎರಡು ಕೈಗಳನ್ನು ಉಜ್ಜಿ ಉಜ್ಜಿ ತೊಳೆದುಕೊಂಡಿತು. ಆಮೇಲೆ ಮುಖದ ಕೆಳಗಿಂದ ಮಡಚಿಟ್ಟಿದ್ದ ಒಂದು ಸೊಂಡಿಲನ್ನು ಇಳಿಸಿತು. ಸೊಂಡಿಲಿನ ತುದಿಯಲ್ಲಿ ನೆಲ ಒರೆಸುವ ಮೆತ್ತನೆಯ ಬಟ್ಟೆಯಂಥದ್ದು ಏನೋ ಇತ್ತು. ಒಣಗಿದ ಟೀಗೆ ಒಂದಿಷ್ಟು ಎಂಜಲು ಬಿಟ್ಟು, ಕರಗಿಸಿ, ಹೀರಿಕೊಂಡಿತು. ಅದಕ್ಕೆ ಹಲ್ಲಿಲ್ಲ, ಗಟ್ಟಿಯಾದದ್ದನ್ನೆಲ್ಲ ಹೀಗೆ ನೆನೆಸಿಕೊಂಡೇ ತಿನ್ನಬೇಕು. ಛೀ ಅನ್ನೋಣ ಎಂದುಕೊಂಡೆ. ಹಲ್ಲಿದ್ದೂ ಚಕ್ಕುಲಿಯನ್ನು ಕಾಫಿಗೆ ಅದ್ದಿ ತಿನ್ನುವ ನನಗೆ ಛೀ ಅನ್ನುವ ಹಕ್ಕಿಲ್ಲ ಎಂದು ಸುಮ್ಮನಾದೆ.

ಆವತ್ತಿನಿಂದ ಹುಚ್ಚು ಹಿಡಿಯಿತು. ಭಾನುವಾರ ಬಂದರೆ ಮನೆಯ ಹಿತ್ತಿಲಲ್ಲಿ ಬಗ್ಗಿಕೊಂಡಿರುತ್ತೇನೆ. ಹಿತ್ತಿಲೆಂದರೆ ದೊಡ್ಡದೇನಲ್ಲ. ಒಂದು ಹೀರೆಯ ಚಪ್ಪರ, ಕಾಂಪೌಂಡಿಗೆ ಹಬ್ಬಿಸಿದ ಹಾಗಲ, ಒಂದೆರಡು ಪಡವಲದ ಬಳ್ಳಿ, ಕನಕಾಂಬರದ ಸಾಲು, ಹೂ ಬಿಟ್ಟು ನಿಂತ ಕೊತ್ತಂಬರಿ. ಹೆಂಡತಿ ಜಯ ಬೆಳೆಸಿದ್ದು. ನಾನು ಬೆಳೆಸಿದ್ದು ಬರೀ ಸೊಂಟನೋವು. "ಊರಿಗೆಲ್ಲ ಕಣ್ಣು ಕೊಡ್ತೀನಿ ಅಂತೀರ, ನಮ್ಮನೆ ಅಡಿಗೆಮನೆ ನಲ್ಲಿ ಸೋರೋದು ಮಾತ್ರ ಕಾಣ್ಸಲ್ಲ" ಎಂದು ಅವಳು ಬಾಗಿಲಲ್ಲಿ ನಿಂತು ಹೇಳುತ್ತಾಳೆ. ನಿಜವೇ. ನಲ್ಲಿ ಎಲ್ಲಿಗೂ ಹಾರಿ ಹೋಗುವುದಿಲ್ಲ, ನೊಣ ಹಾರಿ ಹೋಗುತ್ತದೆ.

ನೀವು ಒಂದು ಸಲ ನೋಡಬೇಕು. ಕನಕಾಂಬರದ ಎಲೆಯ ಮೇಲೆ ಅಕ್ಕಿಕಾಳಿಗಿಂತ ಚಿಕ್ಕದೊಂದು ನೊಣ ಉದ್ದುದ್ದ ಕಾಲೂರಿ ನಿಂತಿರುತ್ತದೆ. ಮೈಯೆಲ್ಲ ಹಸಿರು ಮಿಂಚು. ಬಿಸಿಲು ಬಿದ್ದರೆ ತಾಮ್ರ, ತಿರುಗಿದರೆ ನೀಲಿ. ಇಷ್ಟು ಬಣ್ಣ ನನ್ನ ಅಂಗಡಿಯ ಯಾವ ಕೂಲಿಂಗ್ ಗ್ಲಾಸಿಗೂ ಇಲ್ಲ. ಅದು ತನಗಿಂತ ಸಣ್ಣ ಹುಳುವನ್ನು ಹಿಡಿದು, ಅಮುಕಿ, ರಸ ಹೀರಿ, ಸಿಪ್ಪೆ ಬಿಸಾಡುತ್ತದೆ. ಕೊತ್ತಂಬರಿ ಹೂವಿನ ಮೇಲೆ ಇನ್ನೊಂದು ಜಾತಿ, ಹಳದಿ ಪಟ್ಟೆಯದು, ಗಾಳಿಯಲ್ಲಿ ಮೊಳೆ ಹೊಡೆದಂತೆ ಒಂದೇ ಕಡೆ ನಿಂತುಬಿಡುತ್ತದೆ. ರೆಕ್ಕೆ ಇದೆಯೋ ಇಲ್ಲವೋ ಅನ್ನುವಷ್ಟು ವೇಗ. ಅದು ಸಾಧುಪ್ರಾಣಿ, ಮಕರಂದ ಬಿಟ್ಟು ಬೇರೆ ಮುಟ್ಟುವುದಿಲ್ಲ. ಆದರೆ ಅದರ ಮರಿಗಳು ಗಿಡದ ಕುಡಿಗೆ ಮುತ್ತುವ ಹೇನುಗಳನ್ನು ಒಂದೊಂದಾಗಿ ಎತ್ತಿ ತಿನ್ನುತ್ತವೆ. ತಾಯಿ ಶುದ್ಧ ಸಸ್ಯಾಹಾರಿ, ಮಕ್ಕಳಿಗೆ ದಿನಾ ಬಾಡೂಟ.

ನೊಣ ಗುರುತಿಸುವುದು ಸುಲಭವೆಂದು ತಿಳಿಯಬೇಡಿ. ಹೀರೆಯ ಚಪ್ಪರದಲ್ಲಿ ಕೆಂಗಂದು ಬಣ್ಣದ, ಬೆನ್ನ ಮೇಲೆ ಹಳದಿ ಗೆರೆ ಇರುವ, ಸಣ್ಣ ಸೊಂಟದ ಒಂದನ್ನು ಕಂಡು ನಾನು "ಕಣಜ! ಕಣಜ!" ಎಂದು ಕೂಗಿದೆ. ಜಯ ಅದನ್ನು ನಂಬಿ ಎಷ್ಟೋ ದಿನ ಚಪ್ಪರದ ಕೆಳಗೆ ಹೋಗಲಿಲ್ಲ, ಕಾಯೆಲ್ಲ ಬಲಿತು ನಾರಾದವು. ಆಮೇಲೆ ಫೋನಿನಲ್ಲಿ ಫೋಟೊ ತೆಗೆದು ಹುಡುಕಿದಾಗ ತಿಳಿಯಿತು, ಮೊದಲು ರೆಕ್ಕೆ ಎಣಿಸಬೇಕಂತೆ. ಕಣಜಕ್ಕೆ ನಾಲ್ಕು, ನೊಣಕ್ಕೆ ಎರಡೇ. ಮಿಕ್ಕ ಎರಡು ರೆಕ್ಕೆಯ ಜಾಗದಲ್ಲಿ ನೊಣಕ್ಕೆ ಗುಂಡುಸೂಜಿಯಂಥ ಎರಡು ಪುಟ್ಟ ಕಡ್ಡಿಗಳಿರುತ್ತವೆ, ಅವಿಲ್ಲದಿದ್ದರೆ ಅದು ತೂಕ ತಪ್ಪಿ ಬೀಳುತ್ತದೆ. ಎಣಿಸಿದೆ. ಎರಡೇ ರೆಕ್ಕೆ, ಎರಡು ಗುಂಡುಸೂಜಿ. ಅದು ಕಾಯಿನೊಣ, ಹೀರೆ ಹಾಗಲ ಪಡವಲಗಳಿಗೆಲ್ಲ ಬರುವಂಥದ್ದು. ನಮ್ಮ ತಿ. ನರಸೀಪುರದ ಕಡೆಯ ರೇಷ್ಮೆಯವರಿಗೆ ಹುಳು ಕೆಡಿಸುವ ಊಜಿ ನೊಣ ಗೊತ್ತು, ಆ ಸಿಟ್ಟಿನಲ್ಲಿ ಕೆಲವರು ಇದನ್ನೂ ಊಜಿ ಎಂದೇ ಬೈಯುತ್ತಾರೆ.

ಈ ಕಾಯಿನೊಣ ಊಟ ಮಾಡಿದ ಮೇಲೆ ಒಂದು ಕೆಲಸ ಮಾಡುತ್ತದೆ. ಎಲೆಯ ಮೇಲಿನ ಅಂಟು, ಹಕ್ಕಿಯ ಹಿಕ್ಕೆ, ಸಿಕ್ಕಿದ್ದನ್ನೆಲ್ಲ ನೆಕ್ಕಿ, ಎಲೆಯ ಅಡಿಗೆ ಹೋಗಿ ಕೂತು, ಬಾಯಿಂದ ಒಂದು ಗುಳ್ಳೆ ಬಿಡುತ್ತದೆ. ಗುಳ್ಳೆ ಹೊರಗೆ ಬರುತ್ತದೆ, ಫಳಫಳ ಹೊಳೆಯುತ್ತದೆ, ಮತ್ತೆ ಒಳಗೆ ಹೋಗುತ್ತದೆ. ಮತ್ತೆ ಹೊರಗೆ, ಮತ್ತೆ ಒಳಗೆ. ಕುಡಿದದ್ದರಲ್ಲಿ ನೀರು ಜಾಸ್ತಿಯಾಗಿ ಹೊಟ್ಟೆ ಭಾರವಾದರೆ ಹೀಗೆ ಗಾಳಿಗೆ ಹಿಡಿದು ನೀರನ್ನು ಹಾರಿಸಿ ಸಾರವನ್ನು ಉಳಿಸಿಕೊಳ್ಳುತ್ತದೆ. ನಮ್ಮೂರು ಹೆಮ್ಮಿಗೆಯ ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಹಾಕಿ ಊರೆಲ್ಲ ಸೇರಿ ಸೌದೆ ಉರಿಸಿ ಮಾಡುತ್ತಿದ್ದ ಕೆಲಸವನ್ನು ಈ ಪ್ರಾಣಿ ಒಂದು ಹನಿಯಲ್ಲಿ, ಬೆಂಕಿಯಿಲ್ಲದೆ, ಎಲೆಯ ನೆರಳಲ್ಲಿ ಕೂತು ಮಾಡುತ್ತಿತ್ತು. ಆ ಗುಳ್ಳೆಯೊಳಗೆ ನಮ್ಮ ಚಪ್ಪರ, ಅದರಾಚೆಯ ಆಕಾಶ ಎಲ್ಲ ತಲೆಕೆಳಗಾಗಿ ಕಾಣುತ್ತಿತ್ತು. ನನಗೆ ಕೈಮುಗಿಯಬೇಕು ಅನಿಸಿತು. ಒಂದು ಕೈಯಲ್ಲಿ ಭೂತಗನ್ನಡಿ ಇದ್ದುದರಿಂದ ಮುಗಿಯಲಿಲ್ಲ.

ಹೆಮ್ಮಿಗೆಯ ಮಾತು ಬಂತಲ್ಲ, ಚಿಕ್ಕವ್ವನ ವಿಷಯ ಹೇಳಬೇಕು. ಚೆನ್ನಾಜಮ್ಮ ನನ್ನ ಅಪ್ಪನ ತಮ್ಮನ ಹೆಂಡತಿ. ನಮ್ಮ ತುಂಬಿದ ಮನೆಗೆ ತಲಕಾಡಿನಿಂದ ಸೊಸೆಯಾಗಿ ಬಂದವಳು. ಚಿಕ್ಕಪ್ಪ ತೀರಿಕೊಂಡ ಮೇಲೂ ಹೆಮ್ಮಿಗೆಯಲ್ಲೇ ನನ್ನ ತಮ್ಮನ ಸಂಸಾರದ ಜೊತೆ ಇದ್ದಾಳೆ, ಈಗಲೂ ಹಾಲಿನ ಡೈರಿಗೆ ಕ್ಯಾನು ಹೊತ್ತು ಹೋಗುವ ಗಟ್ಟಿ ಜೀವ. ಈ ವರ್ಷ ಕಣ್ಣಿಗೆ ಪೊರೆ ಬಂದು, ತೆಗೆಸಿ, ಸುಧಾರಿಸಿಕೊಳ್ಳಲಿ ಎಂದು ನಾನೇ ಮನೆಗೆ ಕರೆತಂದಿದ್ದೆ.

ಆಪರೇಷನ್ನಿಗೆ ಮೊದಲು ನನ್ನ ಅಂಗಡಿಯಲ್ಲೇ ಅವಳ ಕಣ್ಣು ಪರೀಕ್ಷೆ ಮಾಡಿದೆ. ಓದು ಬಾರದವರಿಗೆಂದು ನಮ್ಮಲ್ಲಿ ಒಂದು ಬೋರ್ಡಿರುತ್ತದೆ. ಇಂಗ್ಲಿಷಿನ 'ಇ' ಅಕ್ಷರವನ್ನು ಮೇಲಕ್ಕೆ, ಕೆಳಕ್ಕೆ, ಎಡಕ್ಕೆ, ಬಲಕ್ಕೆ ತಿರುಗಿಸಿ ಬರೆದಿರುತ್ತಾರೆ. ಅದರ ಕಾಲು ಯಾವ ಕಡೆಗಿದೆ ಎಂದು ಬೆರಳಲ್ಲಿ ತೋರಿಸಿದರಾಯಿತು. ಚಿಕ್ಕವ್ವ ಬಲಗೈ ಮುಷ್ಟಿ ಕಟ್ಟಿ ಸೆರಗಿನೊಳಗೆ ಇಟ್ಟುಕೊಂಡಳು. ಬಲಕ್ಕಿದ್ದರೆ ಗದ್ದವನ್ನು ಬಲಕ್ಕೆ ತಿರುಗಿಸಿದಳು. ಮೇಲಕ್ಕಿದ್ದರೆ ಹುಬ್ಬೆತ್ತಿದಳು. ಕೆಳಕ್ಕಿದ್ದರೆ ತುಟಿ ಚಾಚಿದಳು. ಅಂಗಡಿಯಲ್ಲಿದ್ದವರೆಲ್ಲ ನಗತೊಡಗಿದರು, ಅವಳೂ ನಕ್ಕಳು.

"ಬೆರಳಲ್ಲಿ ತೋರ್ಸು ಚಿಕ್ಕವ್ವ."

"ನಂಗೆ ಬೆಟ್ಟು ತೋರ್ಸೋ ಅಭ್ಯಾಸ ಇಲ್ಲ ಕಣ್ಮಗ" ಅಂದಳು.

ಬೆಟ್ಟು ಎಂದರೆ ನಮ್ಮೂರಲ್ಲಿ ಬೆರಳು. ಆ ಮಾತು ಕೇಳಿದೊಡನೆ ನನಗೆ ಎಲ್ಲ ನೆನಪಾಯಿತು. ಹೌದಲ್ಲ, ಇವಳು ಯಾವತ್ತೂ ಯಾವುದನ್ನೂ ಬೆರಳಲ್ಲಿ ತೋರಿಸಿದವಳಲ್ಲ. ಪಡವಲದ ತುದಿಗೆ ಕಲ್ಲು ಕಟ್ಟು ಎಂದು ನನಗೆ ಹೇಳುವಾಗ ಮೊಣಕೈ ಎತ್ತಿ ತೋರಿಸುತ್ತಿದ್ದಳು. ತಲಕಾಡಿನ ಬಸ್ಸು ಯಾವುದು ಎಂದು ಯಾರೋ ಕೇಳಿದಾಗ ಗದ್ದ ತಿರುಗಿಸಿದ್ದಕ್ಕೆ ಆ ಮನುಷ್ಯ ಮಳವಳ್ಳಿಯ ಬಸ್ಸು ಹತ್ತಿದ್ದ. ಓಟು ಹಾಕಿ ಬಂದ ಮನೆಮಂದಿಯೆಲ್ಲ ಶಾಯಿಯ ಬೆರಳೆತ್ತಿ ಫೋಟೊಕ್ಕೆ ನಿಂತರೆ, ಇವಳು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿ ನಿಂತಿದ್ದಾಳೆ. ಆ ಫೋಟೊ ಇನ್ನೂ ನನ್ನ ಫೋನಿನಲ್ಲಿದೆ.

ಹೀಚಿಗೆ ಬೆರಳು ತೋರಿಸಬಾರದು ಎಂದು ನಿಮ್ಮ ಮನೆಯಲ್ಲೂ ಹೇಳಿರಬಹುದು. ಬಳ್ಳಿಯಲ್ಲಿ ಆಗತಾನೇ ಕಚ್ಚಿದ ಎಳೆಗಾಯಿಯನ್ನು ಬೆರಳು ಚಾಚಿ ತೋರಿಸಿದರೆ ಅದು ಕೊಳೆತು ಬೀಳುತ್ತದೆ. ತೋರಿಸಲೇಬೇಕಾದರೆ ಬೆರಳನ್ನು ಮಡಚಿ ಗೆಣ್ಣಿನಲ್ಲಿ ತೋರಿಸಬೇಕು. ಅಪ್ಪಿತಪ್ಪಿ ತೋರಿಸಿದರೆ ಆ ಬೆರಳನ್ನು ತಕ್ಷಣ ಕಚ್ಚಿಕೊಳ್ಳಬೇಕು. ನಾವು ಮಕ್ಕಳು ಎಷ್ಟು ಸಲ ಕಚ್ಚಿಕೊಂಡಿದ್ದೇವೋ ಲೆಕ್ಕವಿಲ್ಲ. "ಕಣ್ಣು ಮಕದಲ್ಲಿ ಮಾತ್ರ ಇರಕಿಲ್ಲ, ಬೆಟ್ಟಲ್ಲೂ ಅದೆ" ಎನ್ನುತ್ತಿದ್ದಳು ಅಜ್ಜಿ.

ತಲಕಾಡಿನಲ್ಲಿ ಚಿಕ್ಕವ್ವನ ತವರು ಮರಳ ದಿಬ್ಬಕ್ಕೆ ಅಂಟಿಕೊಂಡ ಮನೆ. ಅಂಗಳದಲ್ಲಿ ಮರಳು, ಹಿತ್ತಿಲಲ್ಲಿ ಮರಳು. ಚಪ್ಪರ, ಬಳ್ಳಿ ಅವಳಿಗೆ ಹೊಸದು. ಮದುವೆಯಾಗಿ ಬಂದ ಮೊದಲ ವರ್ಷ, ಒಂದು ಬೆಳಿಗ್ಗೆ ಹೆಮ್ಮಿಗೆಯ ಹಿತ್ತಿಲಿಗೆ ಹೋದವಳು ಚಪ್ಪರದ ತುಂಬ ಹೀರೆಯ ಹೀಚು ಕಂಡು ಕುಣಿದುಬಿಟ್ಟಳು. "ಅತ್ಯಮ್ಮಾ, ಬನ್ನಿ ಬನ್ನಿ, ಅಗೋ ಅಲ್ಲೊಂದು, ಅಗೋ ಅಲ್ಲೊಂದು!" ಎಂದು ತೋಳು ಚಾಚಿ, ಬೆರಳು ಚಾಚಿ, ಒಂದೊಂದನ್ನೂ ತೋರಿಸಿದಳು. ನಾನಾಗ ಆರೇಳು ವರ್ಷದವನು, ಅಲ್ಲೇ ಹಲ್ಲುಜ್ಜುತ್ತಾ ನಿಂತಿದ್ದೆ. ಅಷ್ಟು ಸಂತೋಷಪಟ್ಟ ಮುಖವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅಜ್ಜಿ ಬಚ್ಚಲಿಂದ ಓಡಿ ಬಂದು ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

ಆ ಕಾಯಿಗಳು ಪಿತೃಪಕ್ಷದ ಎಡೆಗೆಂದು ಬಿಟ್ಟವು. ಹಿರಿಯರಿಗೆ ಹಿತ್ತಿಲ ಕಾಯಿಯೇ ಆಗಬೇಕು. ವಾರ ಕಳೆಯುವುದರೊಳಗೆ ಒಂದೊಂದೇ ಹೀಚು ಸೊಟ್ಟಗಾಗಿ, ಹಳದಿಯಾಗಿ, ಕೊಳೆತು ಉದುರಿತು. ಹಬ್ಬಕ್ಕೆ ಸಂತೆಯಿಂದ ಕಾಯಿ ತಂದರು. ಶಾಪದ ಊರಿಂದ ಸೊಸೆ ತಂದರೆ ಇನ್ನೇನಾದೀತು ಎಂದು ನೆಂಟರು ಪಿಸುಗುಟ್ಟಿದರು. ತಲಕಾಡು ಮರಳಾಗಿದ್ದು ಶಾಪದಿಂದ ಎಂದು ನಮ್ಮ ಕಡೆ ಮಗುವಿಗೂ ಗೊತ್ತು, ಆ ಮಾತನ್ನು ಯಾರೂ ಹುಡುಕಿ ತರಬೇಕಾಗಿರಲಿಲ್ಲ. ಅದೇ ವರ್ಷ ಚಿಕ್ಕವ್ವನಿಗೆ ನಿಂತಿದ್ದ ಬಸುರು ಹೋಯಿತು. ಅಜ್ಜಿ ಕೆಟ್ಟವಳಲ್ಲ, ಸೊಸೆಗೆ ತಾನೇ ಕಷಾಯ ಕಾಯಿಸಿ ಕುಡಿಸಿದಳು. ಆದರೆ ಕುಡಿಸುತ್ತಾ, ದುಃಖಕ್ಕೋ ಏನೋ, "ಈಚ್ಗೆ ಬೆಟ್ಟು ತೋರ್ಸಿದ ಕೈ. ಆ ಕೈಗೆ ಈಚು ಎಲ್ ನಿಂತದು" ಅಂದುಬಿಟ್ಟಳು. ಒಂದೇ ಸಲ ಅಂದದ್ದು. ಮತ್ತೆ ಬಸುರು ನಿಲ್ಲಲಿಲ್ಲ, ಅಂದದ್ದು ನಿಂತುಬಿಟ್ಟಿತು.

ನಮ್ಮನ್ನೆಲ್ಲ ಸಾಕಿದವಳು ಚಿಕ್ಕವ್ವ. ಎಣ್ಣೆ ಹಚ್ಚಿ ಉಜ್ಜುತ್ತಿದ್ದಳು, ಎಳ್ಳುಂಡೆ ಕಟ್ಟಿ ಕೊಡುತ್ತಿದ್ದಳು. ಆದರೆ ಮನೆಯಲ್ಲಿ ಯಾರಾದರೂ ಬಸುರಿ ಇದ್ದರೆ ಅವರ ಹತ್ತಿರ ಸುಳಿಯುತ್ತಿರಲಿಲ್ಲ. ಕೂಸಿಗೆ ತಿಂಗಳು ತುಂಬುವವರೆಗೆ ತೊಟ್ಟಿಲ ಕಡೆ ನೋಡುತ್ತಿರಲಿಲ್ಲ. ಕೊಟ್ಟಿಗೆಯಲ್ಲಿ ಕೆಲಸ ಇದೆ ಅನ್ನುತ್ತಿದ್ದಳು. ಕೊಟ್ಟಿಗೆಯಲ್ಲಿ ಅಷ್ಟೊಂದು ಕೆಲಸ ಇರುವುದು ಸಾಧ್ಯವಿಲ್ಲ ಎಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಈಗ ನಮ್ಮ ಮನೆಯಲ್ಲಿ ಅದೇ ಪರಿಸ್ಥಿತಿ. ನನ್ನ ಮಗಳು ಪಲ್ಲವಿ ಮೈಸೂರಿನಲ್ಲಿ ಗಂಡನ ಮನೆಯಲ್ಲಿದ್ದಾಳೆ, ಚೊಚ್ಚಲ ಬಸುರಿ. ಏಳು ತುಂಬಿದ ಮೇಲೆ ಹೆರಿಗೆಗೆ ಬರುವವಳಿದ್ದಳು. ಅದು ಗೊತ್ತಾದ ದಿನವೇ ಚಿಕ್ಕವ್ವ ತನ್ನ ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದಳು.

"ಮಗಳು ಬರೋ ಅಷ್ಟ್ರಲ್ಲಿ ನನ್ನ ಬಸ್ ಅತ್ತಿಸ್ಬುಡು ಮಗ."

"ಯಾಕತ್ತೆ? ನೀವಿದ್ರೆ ನಂಗೊಂದು ಧೈರ್ಯ" ಎಂದಳು ಜಯ.

"ಬ್ಯಾಡ ಕಣವ್ವ. ನನ್ನ ಕೈ ಸರಿಯಿಲ್ಲ."

ಅಷ್ಟು ಸಲೀಸಾಗಿ ಅಂದಳು, ನನಗೆ ಬಿಪಿ ಇದೆ ಅಂದಹಾಗೆ. ಜಯ ನನ್ನ ಮುಖ ನೋಡಿದಳು. ಎಲ್ಲ ಮೂಢನಂಬಿಕೆ ಎಂದು ನಾನು ಒಂದು ಭಾಷಣ ಮಾಡಿದೆ. ಚಿಕ್ಕವ್ವ ಗೌರವದಿಂದ ಪೂರ್ತಿ ಕೇಳಿ, ಇನ್ನೊಂದು ಸೀರೆ ಮಡಚಿ ಚೀಲಕ್ಕೆ ಹಾಕಿದಳು.

ಮಾರನೆಯ ಭಾನುವಾರ ನಾನು ಎಂದಿನಂತೆ ಚಪ್ಪರದ ಕೆಳಗಿದ್ದೆ. ಒಂದು ಹೀರೆಯ ಹೀಚು, ಕಿರುಬೆರಳಿನಷ್ಟುದ್ದ, ತುದಿಯಲ್ಲಿ ಬಾಡಿದ ಹೂವು ಇನ್ನೂ ಅಂಟಿಕೊಂಡಿತ್ತು. ಅದರ ಮೇಲೆ ಕಾಯಿನೊಣವೊಂದು ಬಂದಿಳಿಯಿತು. ಹೆಣ್ಣು. ಆಚೆ ಈಚೆ ನಡೆದಾಡಿತು. ನೊಣಕ್ಕೆ ಪಾದದಲ್ಲೇ ರುಚಿ ತಿಳಿಯುತ್ತದಂತೆ, ಹೆಜ್ಜೆ ಇಡುತ್ತಾ ಕಾಯಿ ಎಳೆಯದೋ ಬಲಿತದ್ದೋ ನೋಡುತ್ತಿತ್ತು. ಒಂದು ಜಾಗ ಒಪ್ಪಿಗೆಯಾಯಿತು. ಹೊಟ್ಟೆಯನ್ನು ಬಗ್ಗಿಸಿತು. ಬಗ್ಗಿಸಿದ ತುದಿಯಿಂದ ನಿಧಾನವಾಗಿ ಒಂದು ಚೂಪಾದ ಸೂಜಿ ಹೊರಗೆ ಬಂತು. ಅದು ಹೀಚನ್ನು ಮುಟ್ಟಿತು, ಒತ್ತಿತು, ಒಳಗೆ ಇಳಿಯಿತು. ನೊಣ ಅಲುಗಾಡದೆ ನಿಂತಿತು. ಆ ಹಸಿರು ಎಳೆ ಚರ್ಮದೊಳಗೆ, ನನ್ನ ಕಣ್ಣೆದುರಿಗೆ, ಮೊಟ್ಟೆಗಳು ಇಳಿಯುತ್ತಿದ್ದವು.

ಭೂತಗನ್ನಡಿಯಲ್ಲಿ ಅದು ಥೇಟು ಬೆರಳು ಚಾಚಿ ತೋರಿಸಿದ ಹಾಗೆಯೇ ಇತ್ತು. ನಾನು ಆ ನೊಣವನ್ನು ಎಷ್ಟೋ ವಾರದಿಂದ ನೋಡುತ್ತಿದ್ದೆ, ಅದರ ಊಟ, ಗುಳ್ಳೆ, ಗುಂಡುಸೂಜಿ ಎಲ್ಲ ಬಲ್ಲೆ ಎಂದು ಬೀಗುತ್ತಿದ್ದೆ. ಹೆಮ್ಮಿಗೆಯ ಹಿತ್ತಿಲಲ್ಲಿ ಆವತ್ತು ಬೆಳಿಗ್ಗೆ ಚಿಕ್ಕವ್ವನಿಗಿಂತ ಮೊದಲು ಹೀಚುಗಳನ್ನು ಕಂಡು, ಒಂದೊಂದಕ್ಕೂ ಬೆರಳು ಮುಟ್ಟಿಸಿ ಹೋದವಳು ಇವಳೇ ಎಂದು ಹೊಳೆದದ್ದು ಆಗ. ಮನುಷ್ಯರ ಕಣ್ಣಿಗೆ ಹೀಚು ಬೀಳುವ ಹೊತ್ತಿಗೇ ಇವಳಿಗೂ ಬೀಳುತ್ತದೆ. ಇವಳು ಚುಚ್ಚಿ ಹೋದ ಮೇಲೂ ಕಾಯಿ ಕೆಲವು ದಿನ ನಗುನಗುತ್ತಲೇ ಇರುತ್ತದೆ. ಆಮೇಲೆ ಸಂತೋಷದಿಂದ ಯಾರು ನೋಡಲು ಬಂದರೋ, ಪಾಪವೆಲ್ಲ ಅವರ ಕೈಗೆ. ಅಕ್ಕಿಕಾಳಿನಷ್ಟೂ ತೂಕವಿಲ್ಲದ ಈ ಜೀವ, ಒಬ್ಬ ಹೆಂಗಸಿನ ಕೈಯನ್ನು ಒಂದು ಇಡೀ ಆಯುಷ್ಯ ಸೆರಗಿನೊಳಗೆ ಮುಚ್ಚಿಡಿಸಿತ್ತು.

"ಚಿಕ್ಕವ್ವಾ!" ಎಂದು ಕೂಗಿದೆ. ಕೂಗಿಗೆ ನೊಣ ಹಾರಿಹೋಯಿತು.

ಚಿಕ್ಕವ್ವ ಬಂದಾಗ ತೋರಿಸಲು ಒಂದು ಹನಿ ಅಂಟು ಬಿಟ್ಟರೆ ಏನೂ ಇರಲಿಲ್ಲ. "ಇದ್ಯಾವುದ್ಲಾ, ಈರೆಕಾಯಿ ಬೆವರ್ತಾ ಐತೆ" ಎಂದು ಹೇಳಿ ಒಳಗೆ ಹೋದಳು. ಆಮೇಲಿನ ದಿನಗಳಲ್ಲಿ ನಾನು ಅಂಗಡಿಯನ್ನು ತಡವಾಗಿ ತೆಗೆಯತೊಡಗಿದೆ. ಬೆಳಿಗ್ಗೆ ಚಪ್ಪರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಚಿಕ್ಕವ್ವನನ್ನು ಕೂರಿಸಿಕೊಂಡು ಕಾಯುತ್ತಿದ್ದೆ. ನೊಣ ಬರುತ್ತಿತ್ತು, ಅವಳು ಕೆಮ್ಮುತ್ತಿದ್ದಳು, ಹೋಗುತ್ತಿತ್ತು. ನೊಣ ಬರುತ್ತಿತ್ತು, ನನ್ನ ನೆರಳು ಬೀಳುತ್ತಿತ್ತು, ಹೋಗುತ್ತಿತ್ತು. ಕನ್ನಡಕದ ಅಂಗಡಿಯವನಿಗೆ ತಲೆ ಕೆಟ್ಟಿದೆಯೆಂದು ಪಕ್ಕದ ಮನೆಯವರು ಮಹಡಿಯಿಂದ ನೋಡಿದರು.

ಕೊನೆಗೊಂದು ಬೆಳಿಗ್ಗೆ ಸಿಕ್ಕಿತು. ನೊಣ ಸೂಜಿ ಇಳಿಸಿ ಸ್ಥಿರವಾಗಿ ನಿಂತಿತ್ತು. ಭೂತಗನ್ನಡಿಯನ್ನು ಚಿಕ್ಕವ್ವನ ಕೈಗೆ ಕೊಟ್ಟೆ. ಹೊಸ ಕಣ್ಣು, ಹೊಸ ಕನ್ನಡಕ, ಅದರ ಮೇಲೆ ಭೂತಗನ್ನಡಿ. ಅವಳು ಉಸಿರು ಬಿಗಿಹಿಡಿದು ಬಗ್ಗಿದಳು.

"ಎಂತಾ ರೆಕ್ಕೆಲಾ ಇವ್ಳುದು! ರೇಸ್ಮೆ ಕಣೋ" ಅಂದಳು ಮೊದಲು. ಆಮೇಲೆ ತಗ್ಗಿದ ದನಿಯಲ್ಲಿ, "ಬಸ್ರಿ ಅಲ್ವಾ?"

"ಹೂಂ. ಕಾಯೊಳಕ್ಕೆ ಮೊಟ್ಟೆ ಇಡ್ತಾವಳೆ. ಮರಿ ಒಳಗಿಂದ ತಿಂದು ಕೊಳೆಸ್ತವೆ. ಹೆಮ್ಮಿಗೇಲಿ ಆವತ್ತು ಹೀಚು ಕೊಳೆತದ್ದು ಹಿಂಗೇ ಚಿಕ್ಕವ್ವ. ನಿನ್ನ ಬೆಟ್ಟಿಂದ ಅಲ್ಲ."

ಅವಳು ಭೂತಗನ್ನಡಿ ಇಳಿಸಲಿಲ್ಲ. ನಾನು ಅಂದುಕೊಂಡ ಹಾಗೆ ಅಳಲೂ ಇಲ್ಲ, ನನ್ನ ತಲೆ ನೇವರಿಸಲೂ ಇಲ್ಲ. ಲಾಯರಿನ ಹಾಗೆ ಪ್ರಶ್ನೆ ಹಾಕಿದಳು.

"ಈ ನೊಣ ಎಲ್ಲಾರ್ ಇತ್ಲಲ್ಲೂ ಇರ್ತವಲ್ಲ. ಅಂಗಾರೆ ಪಕ್ಕದ್ ಮನೆ ಕಾಳವ್ವನ ಈಚು ಯಾಕ್ ಕೊಳೀನಿಲ್ಲ?"

"ಕೊಳೀದೆ ಇರ್ತಿತ್ತಾ? ಕೊಳ್ತಿರ್ತದೆ. ಅವರ ಮನೇಲಿ ಆ ವರ್ಷ ಹೊಸ ಸೊಸೆ ಇರ್ಲಿಲ್ಲ, ಅಷ್ಟೆ."

ಚಿಕ್ಕವ್ವ ಯೋಚಿಸಿದಳು. "ಕೊಳ್ತಿದ್ರೂ ಯೋಳ್ನಿಲ್ಲ ನೋಡು ಮುಂಡೇವು!" ಅಂದಳು. ಕಾಳವ್ವ ಸತ್ತು ಎಷ್ಟೋ ವರ್ಷವಾಗಿದೆ.

ಅಷ್ಟಕ್ಕೂ ನಂಬಲಿಲ್ಲ. ಬಳ್ಳಿಯಿಂದ ಉದುರಿದ್ದ ಕೊಳೆತ ಕಾಯೊಂದನ್ನು ಎತ್ತಿಕೊಂಡು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸೀಳಿದಳು. ಒಳಗೆ ಬಿಳಿಯ ಹುಳುಗಳು ಮಿಜಿಮಿಜಿ ಎನ್ನುತ್ತಿದ್ದವು. ಅದರಲ್ಲೊಂದು ಬಲಿತ ಹುಳು ಬಳೆಯ ಹಾಗೆ ಸುತ್ತಿಕೊಂಡು, ಬಾಯಿಂದ ತನ್ನ ಬಾಲವನ್ನೇ ಹಿಡಿದು, ಬಿಗಿದು, ತಟ್ಟನೆ ಬಿಟ್ಟಿತು. ಟಪ್ ಎಂದು ಗೇಣುದ್ದ ಹಾರಿತು. ಕಾಲಿಲ್ಲ, ರೆಕ್ಕೆಯಿಲ್ಲ, ಹಾರಿತು! ಮಣ್ಣು ಸೇರಿ ಗೂಡು ಕಟ್ಟುವ ಹೊತ್ತಾದರೆ ಅವು ಹೀಗೆ ಜಿಗಿಯುತ್ತವೆ. ಇನ್ನೊಂದು ಹಾರಿತು, ಮತ್ತೊಂದು ಜಯಳ ಪಾದದ ಮೇಲೆ ಬಿತ್ತು. ಅವಳು ಕಿರುಚಿ ಅಡುಗೆಮನೆ ಸೇರಿದಳು. ಚಿಕ್ಕವ್ವ ಗಲ್ಲಕ್ಕೆ ಕೈಯಿಟ್ಟು, "ಅಯ್ಯೋ ಸಿವನೇ, ಇವ್ಕೆ ಯಾರಪ್ಪ ಕಲ್ಸುದ್ರು?" ಎಂದು ಕೂತುಬಿಟ್ಟಳು. ತನ್ನ ಬದುಕನ್ನು ಕೆಡಿಸಿದವುಗಳ ಮುಂದೆ ಹಾಗೆ ಬೆರಗಾಗಿ ಕೂರಲು ನನ್ನಿಂದ ಆಗುತ್ತಿರಲಿಲ್ಲ.

ಆಮೇಲೆ ಅವಳೇ ಎದ್ದಳು. ಚಪ್ಪರದ ಇನ್ನೊಂದು ಮೂಲೆಗೆ ಹೋದಳು. ಅಲ್ಲಿ ಹೂವು ಅಂದೇ ಬಾಡಿದ, ನೊಣ ಇನ್ನೂ ಕಾಣದ ಒಂದು ಹೀಚಿತ್ತು. ಸೆರಗಿನಿಂದ ಬಲಗೈ ಹೊರಗೆ ತೆಗೆದು, ನನ್ನ ಕಡೆ ಒಮ್ಮೆ ನೋಡಿ, ತೋರುಬೆರಳನ್ನು ಚಾಚಿದಳು. ಅಷ್ಟು ವರ್ಷ ಮಡಚಿದ್ದ ಬೆರಳು ಪೂರ್ತಿ ನೆಟ್ಟಗಾಗಲಿಲ್ಲ, ಗೆಣ್ಣಿನ ಹತ್ತಿರ ಸೊಟ್ಟಗಿತ್ತು.

"ಅಗೋ" ಅಂದಳು. "ತೋರ್ಸಿದೀನಿ. ಈಗ ಇದ್ಕೆ ನೊಣ ಕೂರ್ದಂಗೆ ಏನಾರ ಕಟ್ಟು. ಕೊಳ್ತ್ರೆ ತಪ್ಪು ನಂದೇ. ಕೊಳೀದಿದ್ರೆ ಆ ನೊಣದ್ದು."

ಇದಕ್ಕಿಂತ ಸರಿಯಾದ ಪರೀಕ್ಷೆಯನ್ನು ಯಾರು ಮಾಡಿಯಾರು! ನನ್ನ ಹತ್ತಿರ ಇದ್ದದ್ದು ಅಂಗಡಿಯಲ್ಲಿ ಕನ್ನಡಕ ಹಾಕಿ ಕೊಡುವ ಮೆತ್ತನೆಯ ಬಟ್ಟೆಯ ಚೀಲಗಳು, ಬಾಯಿಗೆ ದಾರ ಇರುವಂಥವು. ಒಂದನ್ನು ತೊಡಿಸಿ ದಾರ ಎಳೆದೆ. ಚಿಕ್ಕವ್ವನಿಗೆ ಹುರುಪು ಬಂತು. ಇನ್ನೊಂದು ಹೀಚಿಗೆ ತೋರಿಸಿದಳು, ಮತ್ತೊಂದಕ್ಕೆ ತೋರಿಸಿದಳು, ನಾನು ಹಿಂದೆಯೇ ಚೀಲ ತೊಡಿಸುತ್ತಾ ಹೋದೆ. ಒಂದು ಹೀಚನ್ನು ಮಾತ್ರ ಬೇಕೆಂದೇ ಬೆರಳೂ ತೋರಿಸದೆ, ಚೀಲವೂ ಇಲ್ಲದೆ ಹಾಗೇ ಬಿಟ್ಟಳು. ನಮ್ಮ ಚಪ್ಪರದಲ್ಲಿ ಹೀರೆಕಾಯಿಗಳೆಲ್ಲ ಓದುವ ಕನ್ನಡಕ ಕೊಂಡು ಮನೆಗೆ ಹೊರಟಂತೆ ತೂಗಾಡತೊಡಗಿದವು.

ಆಮೇಲಿನ ದಿನಗಳು ನನಗೆ ಕಳೆಯಲೇ ಇಲ್ಲ. ಧೈರ್ಯ ಹೇಳಿದವನು ನಾನೇ, ಹೆದರಿದವನೂ ನಾನೇ. ನಾನು ನೋಡುವ ಮೊದಲೇ ಯಾವುದಾದರೂ ಹೀಚಿಗೆ ನೊಣ ಮೊಟ್ಟೆಯಿಟ್ಟು ಹೋಗಿದ್ದರೆ? ಚೀಲದೊಳಗೆ ಬೇರೇನಾದರೂ ಆಗಿ ಕೊಳೆತರೆ? ಚೀಲ ಬಿಚ್ಚಿ ನೋಡಲು ಕೈ ತುರಿಸುತ್ತಿತ್ತು. ಚಿಕ್ಕವ್ವ ಬಿಡಲಿಲ್ಲ. "ಕಾವಿಗೆ ಕೂತ ಕೋಳೀನ ಎಬ್ಬಿಸ್ತಾರಾ? ಸುಮ್ಕಿರು" ಎನ್ನುತ್ತಿದ್ದಳು. ಅವಳ ಬಟ್ಟೆಯ ಚೀಲ ಮಾತ್ರ ಬಾಗಿಲ ಮೂಲೆಯಲ್ಲಿ ಕಟ್ಟಿದ ಹಾಗೇ ಇತ್ತು. ಪಲ್ಲವಿ ಬರುವ ದಿನ ಹತ್ತಿರವಾಗುತ್ತಿತ್ತು.

ತೋರಿಸದೆ ಬಿಟ್ಟ ಹೀಚು ಮೊದಲು ಸೊಟ್ಟಗಾಯಿತು, ಹಳದಿಯಾಯಿತು, ಒಂದು ಬೆಳಿಗ್ಗೆ ನೆಲದಲ್ಲಿತ್ತು. ಚಿಕ್ಕವ್ವ ಅದನ್ನು ಕಾಲಲ್ಲಿ ಹೊರಳಿಸಿ ನೋಡಿದಳು. ಮೊದಲು ತೋರಿಸಿದ ಹೀಚು ಚೀಲ ಸಾಲದೆ ಹೊಲಿಗೆ ಬಿಚ್ಚಿಕೊಂಡು ಕೆಳಗೆ ಇಣುಕಿತು. ಅಂಗೈಯಿಂದ ಮೊಣಕೈವರೆಗಿನ ಉದ್ದ, ಹಸಿರು, ಏಣೆಲ್ಲ ನೆಟ್ಟಗೆ. ಅವಳೇ ಕೊಯ್ದಳು. ಅವಳೇ ಹೆಚ್ಚಿದಳು. ಪ್ರತಿ ಹೋಳನ್ನೂ ಬೆಳಕಿಗೆ ಹಿಡಿದು ಎರಡು ಕಡೆಯೂ ನೋಡಿದಳು. ಎಲ್ಲ ಬಿಳಿ, ಸ್ವಚ್ಛ. ತಿರುಳನ್ನು ತೊವ್ವೆಗೆ ಹಾಕಿ, ಸಿಪ್ಪೆಯನ್ನು ಚಟ್ನಿಗೆ ಹುರಿದಳು. ಹುರಿಯುವಾಗ ಒಲೆಯ ಮುಂದೆ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಮೆಣಸಿನಕಾಯಿ ಘಾಟು ಎಂದಳು. ಆಪರೇಷನ್ ಆದ ಕಣ್ಣು, ಒರೆಸಬಾರದು ಎಂದು ನಾನು ಹೇಳಲಿಲ್ಲ.

ಪಲ್ಲವಿ ಬಂದದ್ದು ಆ ಮಧ್ಯಾಹ್ನವೇ. ಚಿಕ್ಕವ್ವ ಮೊದಲಿನ ಅಭ್ಯಾಸದಂತೆ ಅಡುಗೆಮನೆಯ ಬಾಗಿಲಲ್ಲೇ ನಿಂತು ದೂರದಿಂದ ಮಾತಾಡಿಸಿದಳು. ಹೀರೆಕಾಯಿ ತೊವ್ವೆಯಲ್ಲಿ ಊಟವಾಯಿತು. ಉಂಡು ಗೋಡೆಗೊರಗಿ ಕೂತ ಪಲ್ಲವಿ ಇದ್ದಕ್ಕಿದ್ದ ಹಾಗೆ, "ಅಮ್ಮಾ, ಒದೀತಿದೆ, ಬಾ!" ಎಂದಳು. ಜಯ ಕೈಯಲ್ಲಿ ಮುಸುರೆ ಹಿಡಿದುಕೊಂಡೇ ಓಡಿ ಬಂದಳು. "ಎಲ್ಲೇ? ಎಲ್ಲಿ?"

"ಇಲ್ಲೆಲ್ಲೋ. ಗೊತ್ತಾಗ್ತಿಲ್ಲ."

ನನ್ನ ಕೈ ರೂಢಿಯಂತೆ ಜೇಬಿನ ಭೂತಗನ್ನಡಿಗೆ ಹೋಯಿತು. ಅಷ್ಟರಲ್ಲಿ ಚಿಕ್ಕವ್ವ ಬಾಗಿಲು ಬಿಟ್ಟು ಬಂದಿದ್ದಳು. ಪಲ್ಲವಿಯ ಪಕ್ಕ ಮೊಣಕಾಲೂರಿ ಕೂತಳು. ಹೊಸ ಕಣ್ಣಿನಿಂದ ಆ ತುಂಬಿದ ಹೊಟ್ಟೆಯನ್ನು ಸ್ವಲ್ಪ ಹೊತ್ತು ನೋಡಿದಳು. ಸೀರೆಯ ಮೇಲೆ ಒಂದು ಕಡೆ ಪುಟ್ಟದಾಗಿ ಉಬ್ಬಿ ಇಳಿಯಿತು.

"ಅಗೋ" ಎಂದು ಚಿಕ್ಕವ್ವ ತನ್ನ ಸೊಟ್ಟ ಬೆರಳನ್ನು ಚಾಚಿ, ಅದೇ ಜಾಗಕ್ಕೆ ಇಟ್ಟಳು. "ಇಲ್ಲೈತೆ ನೋಡವ್ವ. ಇಲ್ಲೇ."

ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.